ಬಗ್ಗದ ಕುತ್ತಿಗೆಯ ಪಡಿಯಚ್ಚು

ಅಂಜಿನಮೂರ್ತಿಯ ಕುತ್ತಿಗೆ ಬಗ್ಗುವುದಿಲ್ಲ. ಎಡಕ್ಕೂ ತಿರುಗುವುದಿಲ್ಲ, ಬಲಕ್ಕೂ ತಿರುಗುವುದಿಲ್ಲ. ಪಕ್ಕದಲ್ಲಿ ಕೂತವರನ್ನು ಮಾತಾಡಿಸಬೇಕೆಂದರೆ ಭುಜ, ಎದೆ, ಸೊಂಟ ಎಲ್ಲವನ್ನೂ ಒಟ್ಟಿಗೇ ತಿರುಗಿಸಬೇಕು. ಬಸ್ಸಿನಲ್ಲಿ ಟಿಕೆಟ್ಟು ಕಾಲ ಬುಡದಲ್ಲೇ ಬಿದ್ದರೂ ಅವನಿಗೆ ಕಾಣುವುದಿಲ್ಲ. ಇಂಥ ಕುತ್ತಿಗೆಯನ್ನು ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಶಾಲೆಯ ಮಕ್ಕಳು ವರ್ಷಗಟ್ಟಲೆ ತಲೆಯ ಮೇಲೆ ಹೊತ್ತು ಮೆರೆಸಿದರು ಎಂದರೆ ನಂಬಲೇಬೇಕು. ಯಾಕೆಂದರೆ ಅದು ಬಂಡೆವೀರನ ಕುತ್ತಿಗೆ.

ಬಂಡೆವೀರನನ್ನು ಹುಟ್ಟಿಸಿದವನು ಶಿರಾದ ಕಲೀಮುಲ್ಲಾ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಫ್ಲೆಕ್ಸ್ ಬಂದು ಕುಂಚದ ಕೆಲಸ ಮಲಗಿಕೊಂಡ ಕಾಲದಲ್ಲಿ, ಕೈ ಸುಮ್ಮನಿರಲಾರದೆ, ಮಕ್ಕಳಿಗೆ ಒಂದು ಚಿತ್ರಕತೆಯ ಪುಸ್ತಕ ಮಾಡಬೇಕೆಂದು ಹಟ ಹಿಡಿದಿದ್ದ. ಕತೆಗೊಬ್ಬ ವೀರ ಬೇಕಿತ್ತು, ಸಿಕ್ಕಿರಲಿಲ್ಲ. ಒಂದು ದಿನ ಪಾವಗಡದ ದಾರಿಯಲ್ಲಿ, ಮಧುಗಿರಿ ಗಡಿಗೆ ಹತ್ತಿರವಿರುವ ಅಂಜಿನಮೂರ್ತಿಯ ಹಳ್ಳಿಗೆ ಶಾಲೆಯ ಗೋಡೆ ಬರೆಯಲು ಹೋಗಿದ್ದ. ಆ ಹೊತ್ತಿಗೆ ಯಾರೋ ದೊಡ್ಡ ಅಧಿಕಾರಿಯ ಜೀಪು ಬಂತು. ಊರಿಗೆ ಊರೇ ಕೈಮುಗಿದು ತಲೆ ತಗ್ಗಿಸಿತು. ಒಬ್ಬ ಮಾತ್ರ ಹೆಗಲ ಮೇಲೊಂದು ಟಗರು ಹೊತ್ತು ನೆಟ್ಟಗೆ ನಿಂತಿದ್ದ. ಮೂವತ್ತರ ಗಂಡಸು, ಕಪ್ಪು ಮೈ, ಗಿಣಿಮೂಗು, ಬೆನ್ನಿಗೆ ಕರಿಕಂಬಳಿ. ಕಲೀಮುಲ್ಲಾ ಕುಂಚ ಬಿಸಾಡಿ ಓಡಿಬಂದ.

"ಅರೇ ಭಾಯ್, ಎಲ್ರೂ ತಲೆ ಬಗ್ಸಿದ್ರು. ನೀವ್ಯಾಕೆ ಬಗ್ಸಲಿಲ್ಲ?"

ಬಗ್ಗುವುದಿಲ್ಲ, ಅದಕ್ಕೆ ಬಗ್ಗಿಸಲಿಲ್ಲ. ನಿಜವಾದ ಉತ್ತರ ಇಷ್ಟೇ ಇತ್ತು. ಅದರ ಹಿಂದಿನ ವಾರವಷ್ಟೇ ಪಾವಗಡದಲ್ಲಿ ಡಾಕ್ಟರೊಬ್ಬರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನಿಮ್ಮೂರ ಬೋರಿಂಗ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹುಟ್ಟಿದಾಗಿನಿಂದ ಕುಡಿದಿದ್ದೀಯ, ಬೆನ್ನುಮೂಳೆ ಕುತ್ತಿಗೆ ಎಲ್ಲ ಬಿಗಿದುಹೋಗಿದೆ, ಇನ್ನು ಸಡಿಲ ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಅದನ್ನೇ ಹೇಳಿದ್ದರೆ ಕಲೀಮುಲ್ಲಾ ಚ್ಚು ಚ್ಚು ಎಂದು ಕನಿಕರ ತೋರಿಸಿ ಗೋಡೆಯ ಕಡೆಗೆ ಹೋಗುತ್ತಿದ್ದ. ಆದರೆ ಅವನ ಕಣ್ಣಲ್ಲಿ ಕನಿಕರವಿರಲಿಲ್ಲ, ಬೆರಗಿತ್ತು. ಚಿಕ್ಕಂದಿನಿಂದ ಕಂದು ಹಲ್ಲಿಗಾಗಿ ನಗೆಗೀಡಾಗಿ, ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡಿದವನನ್ನು ಅಲ್ಲಿಯವರೆಗೆ ಯಾರೂ ಹಾಗೆ ನೋಡಿರಲಿಲ್ಲ.

"ನಾನು ಯಾರ್ಗೂ ಬಗ್ಗಾಕಿಲ್ಲ ಸಾಬ್ರೆ," ಎಂದುಬಿಟ್ಟ ಅಂಜಿನಮೂರ್ತಿ.

"ವಾಹ್! ಮತ್ತೆ ಹಲ್ಲು ಯಾಕಿಂಗೆ?"

"ಬಂಡೆ ಕೆಳಗಿನ ನೀರು ಕುಡ್ದು ಬೆಳ್ದೋರು ನಾವು. ಮೂಳೆನೂ ಬಂಡೇನೆ, ಹಲ್ಲೂ ಬಂಡೇನೆ."

ಎರಡನೆಯ ಮಾತಿನಲ್ಲಿ ಅರ್ಧ ನಿಜವಿತ್ತು, ಅರ್ಧ ಸಂಕಟವಿತ್ತು. ಕಲೀಮುಲ್ಲಾ ಎರಡನ್ನೂ ಬಿಟ್ಟು ಕತೆಯನ್ನಷ್ಟೇ ಎತ್ತಿಕೊಂಡ. ಮೂರು ತಿಂಗಳಲ್ಲಿ ಮೊದಲ ಪುಸ್ತಕ ಬಂತು. ಬಾಯಾರಿ ಸಾಯುತ್ತಿದ್ದ ಕುರಿಗಾಹಿ ಹುಡುಗನಿಗೆ ಬಂಡೆ ಬಿರುಕುಬಿಟ್ಟು ನೀರು ಕೊಡುತ್ತದೆ, ಕುಡಿದವನು ಬಂಡೆವೀರನಾಗುತ್ತಾನೆ, ಕೆಂಪು ಅಂಗಿ ತೊಟ್ಟು, ಕರಿಕಂಬಳಿ ಹಾರಿಸಿಕೊಂಡು, ಮಧುಗಿರಿ ಬೆಟ್ಟದ ನೆತ್ತಿಯಿಂದ ಪಾವಗಡದ ಕೋಟೆಗೆ ಒಂದೇ ನೆಗೆತಕ್ಕೆ ಹಾರುತ್ತಾನೆ, ಯಾವ ದುಷ್ಟನ ಮುಂದೆಯೂ ಅವನ ಕುತ್ತಿಗೆ ಬಗ್ಗುವುದಿಲ್ಲ.

ಬಸ್‌ಸ್ಟ್ಯಾಂಡುಗಳಲ್ಲಿ ಕಡಲೇಕಾಯಿಯ ಪಕ್ಕದಲ್ಲಿ ಪುಸ್ತಕ ಖರ್ಚಾಯಿತು. ಶಾಲೆಗಳವರು ವೀರನನ್ನೇ ಕಳಿಸಿ ಎಂದರು. ಕಲೀಮುಲ್ಲಾ ಅಂಗಿ ಹೊಲಿಸಿದ, ಹಳೇ ಓಮ್ನಿ ವ್ಯಾನಿನಲ್ಲಿ ಅಂಜಿನಮೂರ್ತಿಯನ್ನು ಕೂರಿಸಿಕೊಂಡು ಊರೂರು ಸುತ್ತಿದ. ವೇದಿಕೆಯ ಮೇಲೆ ಅವನು ಇಡೀ ಮೈ ತಿರುಗಿಸಿ ಒಮ್ಮೆ ನೋಡಿದರೆ ಸಾಕು, "ಬಂಡೆವೀರ ಬಗ್ಗೋದಿಲ್ಲ!" ಎಂದು ಐನೂರು ಮಕ್ಕಳು ಕೂಗುತ್ತಿದ್ದರು. ಬಾಯಿಗೆ ಅಡ್ಡ ಬರುತ್ತಿದ್ದ ಕೈ ಕೆಳಗಿಳಿಯಿತು. ಅವನು ಹಲ್ಲು ಬಿಟ್ಟು ನಗುವುದನ್ನು ಕಲಿತ. ಎಕ್ಸ್‌ರೇ ಮಾತ್ರ ಮನೆಯ ಟ್ರಂಕಿನಲ್ಲಿ, ಹೆಂಡತಿ ವನಜಾಕ್ಷಿಯ ಧಾರೆ ಸೀರೆಯ ಕೆಳಗೆ, ಯಾರ ಕಣ್ಣಿಗೂ ಬೀಳದೆ ಇತ್ತು. ಅದು ಇರುವುದು ಗಂಡ ಹೆಂಡತಿ ಇಬ್ಬರಿಗೇ ಗೊತ್ತು.

ಊರಿಗೆ ಫಿಲ್ಟರ್ ನೀರಿನ ಘಟಕ ಬಂತು. ಆರೋಗ್ಯ ಇಲಾಖೆಯವರು ಹಳೇ ಬೋರಿಂಗಿಗೆ ಕೆಂಪು ಬಣ್ಣ ಬಳಿದು, ಕುಡಿಯಬಾರದೆಂದು ಅದರ ಹಿಂದಿನ ಗೋಡೆಯ ಮೇಲೆ ಬರೆದು ಹೋದರು. ಜನ ಅದರ ನೀರನ್ನು ಬಟ್ಟೆಗೆ, ಕುರಿಗೆ ಎಂದು ಬಿಟ್ಟುಕೊಂಡರು. ಎರಡು ಮಳೆಗಾಲಕ್ಕೆ ಅಕ್ಷರ ಉದುರಿತು. ಬಂಡೆವೀರನಿಗೆ ಹತ್ತು ವರ್ಷ ತುಂಬಿದಾಗ ಕಲೀಮುಲ್ಲಾ ವೀರನ ಊರಿಗೊಂದು ಗುರುತು ಬೇಕೆಂದು, ಕೆಂಪು ಹೇಗೂ ಬಂಡೆವೀರನ ಬಣ್ಣವೇ ಎಂದು, ಅದೇ ಗೋಡೆಗೆ, ಉದುರಿದ ಅಕ್ಷರಗಳ ಮೇಲೆಯೇ, ಆಳೆತ್ತರದ ಬಂಡೆವೀರನನ್ನು ಬರೆದ. ಅಂಜಿನಮೂರ್ತಿ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ.

ಆ ವರ್ಷವೇ ಕಲೀಮುಲ್ಲಾನ ಮಗಳು ಉಮ್ಮೆ ಹಾನಿ ಓದು ಮುಗಿಸಿ ಬಂದು ಪುಸ್ತಕದ ಜವಾಬ್ದಾರಿ ಹೊತ್ತಳು. ಚುರುಕು ಹುಡುಗಿ. ಹಳೇ ಕತೆ ಹಳಸಿದೆ, ಮಕ್ಕಳು ಮೊಬೈಲು ನೋಡುತ್ತಿದ್ದಾರೆ, ಹೊಸತೇನಾದರೂ ಬೇಕೆಂದಳು. ತಂದದ್ದೇ ಹೊಸ ಕಂತು: ದುಷ್ಟ ವಿಜ್ಞಾನಿಯೊಬ್ಬ ಬಂಡೆವೀರನ ಒಂದು ಕೂದಲು ಕದ್ದು, ಕಲ್ಲುಕೋರೆಯೊಳಗಿನ ಯಂತ್ರದಲ್ಲಿ ಹಾಕಿ, ಅವನ ಪಡಿಯಚ್ಚೊಂದನ್ನು ಎಬ್ಬಿಸುತ್ತಾನೆ. ಅದೇ ಮೂಗು, ಅದೇ ಕುತ್ತಿಗೆ. ವಯಸ್ಸು ಮಾತ್ರ ಅರ್ಧ. ಮೊದಲು ಹೊಡೆದಾಡುತ್ತಾರೆ, ಆಮೇಲೆ ಒಂದಾಗುತ್ತಾರೆ. ಮಕ್ಕಳು ಅವನಿಗೆ ಎರಡೇ ವಾರದಲ್ಲಿ ಮರಿಬಂಡೆ ಎಂದು ಹೆಸರಿಟ್ಟರು.

ವೇದಿಕೆಗೂ ಒಬ್ಬ ಮರಿಬಂಡೆ ಬೇಕಲ್ಲ. ಅವನು ತಾನಾಗಿಯೇ ಬಂದ. ಚನ್ನರಾಯನದುರ್ಗದ ದೇವರಾಜು, ಇಪ್ಪತ್ತಮೂರು ವಯಸ್ಸು, ಸ್ವಂತ ಲಗೇಜ್ ಆಟೋದಲ್ಲಿ ತರಕಾರಿ ಸಾಗಿಸುವವನು. ಬಂಡೆವೀರನ ಒಂದೊಂದು ಪುಸ್ತಕವನ್ನೂ ಹದಿಮೂರನೇ ವಯಸ್ಸಿನಿಂದ ಕಟ್ಟು ಕಟ್ಟಿ ಇಟ್ಟುಕೊಂಡಿದ್ದವನು. ಸಂಬಂಧ ಯಾವುದೂ ಇಲ್ಲ, ಆದರೂ ಗಿಣಿಮೂಗು, ಹೆಗಲು, ಮೈಬಣ್ಣ ಎಲ್ಲ ಅಂಜಿನಮೂರ್ತಿಯದೇ. ಅವನನ್ನು ಮೊದಲ ಸಲ ನೋಡಿದ ವನಜಾಕ್ಷಿ ಸೆರಗು ಬಾಯಿಗಿಟ್ಟುಕೊಂಡಳು.

"ಅಮ್ಮಮ್ಮಾ! ನಮ್ ಮದ್ವೆ ಫೋಟೋದಾಗಿಂದ ಎದ್ದು ಬಂದಂಗವ್ನೆ ಕಣಯ್ಯ. ಅವಾಗ ನೀನು ಇಂಗೇ ಇದ್ದೆ. ಕುತ್ಗೆನೂ ಇಂಗೇ ಆಡ್ತಿತ್ತು."

ಕೊನೆಯ ಮಾತು ಅವಳು ಬೇಕೆಂದು ಆಡಿದ್ದಲ್ಲ. ಆದರೂ ಅದು ಅಂಜಿನಮೂರ್ತಿಯ ಎದೆಯಲ್ಲಿ ನಾಟಿಕೊಂಡಿತು.

ಶಿರಾದಲ್ಲಿ ಕಲೀಮುಲ್ಲಾನ ಮನೆಯ ಮಹಡಿಯ ಮೇಲೆ ತಾಲೀಮು ಶುರುವಾಯಿತು. ದೇವರಾಜು ಅಂಜಿನಮೂರ್ತಿಯ ಎದುರು ನಿಂತು ಅವನ ಒಂದೊಂದು ಅಲುಗಾಟವನ್ನೂ ಕಣ್ಣಲ್ಲೇ ಅಳೆದುಕೊಂಡ. ಕುತ್ತಿಗೆ ಬಿಗಿಹಿಡಿದ, ಭುಜ ಸೇರಿಸಿ ತಿರುಗಿದ, ಕುರ್ಚಿಯಿಂದ ಏಳುವಾಗ ಕೈಯೂರಿ ಮರದ ದಿಮ್ಮಿಯ ಹಾಗೆ ಎದ್ದ. ಅಂಜಿನಮೂರ್ತಿ ನೋವಿನಿಂದ ಹಲ್ಲು ಕಚ್ಚುವುದನ್ನು ಕೋಪವೆಂದುಕೊಂಡು ಅದನ್ನೂ ಮಾಡಿದ. ಹಲ್ಲಿಗೆ ಕಾಚು ಉಜ್ಜಿ ಕಂದು ಮಾಡಿಕೊಂಡ. ಉಮ್ಮೆ ಹಾನಿ ಚಪ್ಪಾಳೆ ತಟ್ಟಿದಳು.

"ಮೂರ್ತಿ ಅಂಕಲ್, ಬೇಜಾರು ಮಾಡ್ಕೋಬೇಡಿ, ನಿಮಗಿಂತ ಇವನದೇ ಚೆನ್ನಾಗಿದೆ!"

ಇದನ್ನಾದರೂ ನುಂಗಿಕೊಳ್ಳಬಹುದಿತ್ತು. ತಾಲೀಮು ಮುಗಿದ ಮೇಲೆ ದೇವರಾಜು ಮಾಡಿದ್ದೇ ನುಂಗಲಾಗದ್ದು. ಅವನು ಕುತ್ತಿಗೆಯನ್ನು ಲಟಲಟ ಮುರಿದು, ಬಗ್ಗಿ ಚಪ್ಪಲಿ ಹುಡುಕಿ, ಬೀದಿಯಲ್ಲಿ ಹೋಗುತ್ತಿದ್ದ ಯಾರನ್ನೋ ತಿರುಗಿ ನೋಡಿ ಕೈಬೀಸಿದ. ಅವನಿಗೆ ಅದು ಅಂಗಿ. ಹೊತ್ತು ಮುಗಿದರೆ ಬಿಚ್ಚಿ ಮೊಳೆಗೆ ನೇತುಹಾಕಬಹುದು. ಅಂಜಿನಮೂರ್ತಿಗೆ ಹೊಟ್ಟೆ ಉರಿಯಿತು. ಮುಚ್ಚುಮರೆ ಯಾಕೆ? ಆ ಹುಡುಗನ ಕುತ್ತಿಗೆ ಅಲ್ಲೇ ಹಿಡಿದುಕೊಳ್ಳಲಿ ಎಂದು ಅವನಿಗೆ ಅನ್ನಿಸಿತು.

ಅಂಥ ಗಳಿಗೆಯಲ್ಲೇ ದೇವರಾಜು ಬಂದು ಅವನ ಕಾಲ ಬಳಿ ಕೂತ.

"ಅಣ್ಣ, ನಂಗೆ ಹತ್ತು ನಿಮಿಷಕ್ಕೆಲ್ಲಾ ನೋವು ಬತ್ತದೆ. ನೀನು ದಿನಪೂರ್ತಿ ಹೆಂಗಣ್ಣ ಇಡ್ತೀಯ? ಏನಾರ ಗುಟ್ಟೈತಾ?"

"ಐತೆ," ಎಂದ ಅಂಜಿನಮೂರ್ತಿ. ಬೇಕೆಂದೇ ಹಲ್ಲು ತೋರಿಸಿ ನಕ್ಕ. "ನಮ್ಮೂರ ಕೆಂಪು ಬೋರಿಂಗ್ ನೀರು ಕುಡಿ. ಬ್ಯಾರೆ ನೀರು ಮುಟ್ಬ್ಯಾಡ. ತಾನಾಗೇ ಬತ್ತದೆ ನೋಡು."

ಕಲೀಮುಲ್ಲಾ ಕುಂಚ ತೊಳೆಯುತ್ತಾ, "ಸಹೀ ಬಾತ್! ಮೊದಲ್ನೇ ಪುಸ್ತಕದಾಗೇ ಬರ್ದಿಲ್ವಾ?" ಎಂದು ನಕ್ಕ. ಅಂಜಿನಮೂರ್ತಿಗೆ ಒಂದು ಕ್ಷಣ ಎದೆ ಹಗುರಾಯಿತು. ಆಮೇಲೆ ಬಸ್ಸು ಹತ್ತಿ ಊರಿಗೆ ಬಂದು ಆ ಮಾತನ್ನೇ ಮರೆತ.

ದೇವರಾಜು ಮರೆಯಲಿಲ್ಲ. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕುರಿ ಬಿಡಲು ಹೊರಟ ಅಂಜಿನಮೂರ್ತಿಗೆ ಕೆಂಪು ಬೋರಿಂಗಿನ ಕಿರ್ರ್ ಸದ್ದು ಕೇಳಿಸಿತು. ಲಗೇಜ್ ಆಟೋ ನಿಲ್ಲಿಸಿಕೊಂಡು ದೇವರಾಜು ಎರಡು ಕ್ಯಾನಿಗೆ ನೀರು ತುಂಬುತ್ತಿದ್ದ. ಕ್ಯಾನು ತುಂಬಿದ ಮೇಲೆ ಬಂಡೆವೀರನ ಚಿತ್ರಕ್ಕೆ ಕೈಮುಗಿದು, ಬೊಗಸೆಯೊಡ್ಡಿ ಹೊಟ್ಟೆ ತುಂಬ ಕುಡಿದ.

"ತರ್ಕಾರಿ ಬಾಡ್ಗೆಗೆ ವಾರ ವಾರ ಪಾವಗಡಕ್ಕೆ ಬತ್ತೀನಣ್ಣ," ಎಂದ. "ಬರ್ತಾ ಖಾಲಿ ಕ್ಯಾನು, ಹೋಗ್ತಾ ತುಂಬಿದ ಕ್ಯಾನು. ಸ್ವಲ್ಪ ಉಪ್ಪುಪ್ಪು ಐತೆ. ಅಭ್ಯಾಸ ಆಯ್ತದೆ ಬುಡು."

ಅಂಜಿನಮೂರ್ತಿ ಕುರಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಬಾಯಿ ತೆರೆದ. ತಮಾಷೆಗೆ ಅಂದೆ ಕಣ್ಲಾ, ಚೆಲ್ಲು ಅದನ್ನ, ಎನ್ನಬೇಕಿತ್ತು. ಅಂದರೆ ಹುಡುಗ ಯಾಕೆ ಎನ್ನುತ್ತಾನೆ. ಯಾಕೆ ಎಂದರೆ ಕುತ್ತಿಗೆಯ ಕತೆ ಹೇಳಬೇಕು. ಕುತ್ತಿಗೆಯ ಕತೆ ಹೇಳಿದರೆ ಸಂಜೆಯೊಳಗೆ ಶಿರಾಗೆ ಮುಟ್ಟುತ್ತದೆ. ನಾಳೆಯಿಂದ ನಾಲ್ಕು ತಾಲ್ಲೂಕಿನ ಪಾಲಿಗೆ ಅವನು ಬಂಡೆವೀರನಲ್ಲ, ನೀರು ಕುಡಿದು ಸೆಟೆದುಕೊಂಡ ಒಬ್ಬ ರೋಗಿ. ಮತ್ತೆ ಬಾಯಿಗೆ ಕೈ ಅಡ್ಡ ಬರುತ್ತದೆ.

"ಹೂಂ," ಎಂದ ಅಂಜಿನಮೂರ್ತಿ. "ಅಭ್ಯಾಸ ಆಯ್ತದೆ."

ಬಾಗಿಲಲ್ಲಿ ನಿಂತು ನೋಡುತ್ತಿದ್ದ ವನಜಾಕ್ಷಿ ಆಟೋ ಹೋದ ಮೇಲೆ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಏಮಯ್ಯಾ, ನಿಂಗೇನು ಮನ್ಸಿಲ್ವಾ? ಹೇಳ್ಬುಡು ಆ ಹುಡುಗನ್ಗೆ."

"ಬೆಳ್ದ ಮೈಗೆ ಏನಾಗ್ತದೆ? ನಾವು ತೊಟ್ಲಿಂದ ಕುಡ್ದೋರು. ಅವ್ನು ನಾಲ್ಕು ವಾರ ಕುಡ್ದು ಬೇಜಾರಾಗಿ ಬುಡ್ತಾನೆ."

"ನೀ ಹೇಳ್ತೀಯಾ, ನಾನ್ ಹೇಳ್ಲಾ?"

"ನೀನು ಬಾಯಿ ಬುಟ್ರೆ ನಾನು ಈ ಮನೆ ಹೊಸ್ಲು ತುಳ್ಯಾಕಿಲ್ಲ," ಎಂದ. ವನಜಾಕ್ಷಿ ಒಳಗೆ ಹೋದಳು. ಅವಳು ಗಂಡನ ಮಾತಿಗೆ ಕಟ್ಟುಬಿದ್ದವಳು, ಅದೇ ಆ ಮನೆಯ ದುರದೃಷ್ಟ.

ಮುಂದಿನ ತಿಂಗಳು ಮಧುಗಿರಿಯ ಶಾಲೆಯೊಂದರಲ್ಲಿ ಇಬ್ಬರೂ ಕೂಡಿ ಆಡುವ ಮೊದಲ ಪ್ರದರ್ಶನ. ಹೊಡೆದಾಟ ಮುಗಿದ ಮೇಲೆ ಹಿರಿಯ ಬಂಡೆವೀರ ಮರಿಬಂಡೆಯ ಮುಂದೆ ಒಮ್ಮೆ ತಲೆ ಬಾಗಿಸಿ, ಕಂಬಳಿಯನ್ನು ತೆಗೆದು ಅವನ ಹೆಗಲಿಗೆ ಹೊದಿಸಬೇಕು. ಯಾರಿಗೂ ಬಗ್ಗದವನು ತನ್ನ ಪಡಿಯಚ್ಚಿಗೆ ಮಾತ್ರ ಬಗ್ಗಿದ ಎಂದು ಉಮ್ಮೆ ಹಾನಿ ಕಣ್ಣಲ್ಲಿ ನೀರು ತುಂಬಿಕೊಂಡು ವಿವರಿಸಿದಳು.

"ಆಗಾಕಿಲ್ಲ," ಎಂದ ಅಂಜಿನಮೂರ್ತಿ.

"ಅರೇ ಮೂರ್ತಿ, ಒಂದೇ ಒಂದ್ ಸಲ ಕಣಯ್ಯ," ಎಂದ ಕಲೀಮುಲ್ಲಾ. "ಮಕ್ಳು ಅಳ್ಬೇಕು, ಅಂಗೈತೆ ಸೀನು."

"ಬಂಡೆವೀರ ಬಗ್ಗಾಕಿಲ್ಲ. ನೀವೇ ಬರ್ದಿದ್ದು."

ಕಲೀಮುಲ್ಲಾ ಬೇಡಿಕೊಂಡ, ರೇಗಿದ, ಕೊನೆಗೆ ಹುಡುಗನ ಮೇಲಿನ ಹೊಟ್ಟೆಕಿಚ್ಚು ಎಂದು ಮುಖದ ಮೇಲೇ ಅಂದ. ಅಂಜಿನಮೂರ್ತಿ ಅಲ್ಲ ಎನ್ನಲಿಲ್ಲ. ಹೊಟ್ಟೆಕಿಚ್ಚಿನವನು, ಅಹಂಕಾರಿ ಎಂದು ಅನ್ನಿಸಿಕೊಳ್ಳುವುದು ಅವನಿಗೆ ಸಲೀಸಾಗಿತ್ತು. ಕೈಲಾಗದವನು ಎನ್ನುವ ಒಂದು ಮಾತು ಬಿಟ್ಟು ಯಾವುದನ್ನಾದರೂ ಹೊರಲು ಅವನು ತಯಾರಿದ್ದ.

ವೇದಿಕೆಯ ಮೇಲೆ ಆ ಗಳಿಗೆ ಬಂತು. ಅಂಜಿನಮೂರ್ತಿ ನೆಟ್ಟಗೆ ನಿಂತೇ ಇದ್ದ. ಮಕ್ಕಳ ಗದ್ದಲ ಇಳಿಯಿತು, ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಆಗ ದೇವರಾಜು ಥಟ್ಟನೆ ಮಂಡಿಯೂರಿ, ತಾನೇ ತಲೆ ಬಾಗಿಸಿ, ಕಂಬಳಿಯ ತುದಿಯನ್ನು ಕಣ್ಣಿಗೊತ್ತಿಕೊಂಡ. ಸಭೆ ಸಿಳ್ಳೆ ಹೊಡೆದು ಎದ್ದು ನಿಂತಿತು. ದೊಡ್ಡತನ ತೋರಿಸಿದವನು ಮರಿಬಂಡೆ, ಬಿಗುಮಾನ ತೋರಿಸಿದವನು ಹಳಬ ಎಂದು ಅಲ್ಲಿದ್ದ ಪುಟ್ಟ ಮಗುವಿಗೂ ಅರ್ಥವಾಯಿತು. ಶಿರಾದಿಂದ ಮತ್ತೆ ಅವನಿಗೆ ಕರೆ ಬರಲಿಲ್ಲ.

ಅಂಜಿನಮೂರ್ತಿ ಕುರಿಗೆ ಮರಳಿದ. ದೇವರಾಜು ಒಬ್ಬನೇ ಬಂಡೆವೀರನಾದ. ಒಂದು ಕಂತಿನಲ್ಲಿ ಹಿರಿಯ ಬಂಡೆವೀರ ಬೆಟ್ಟದಲ್ಲಿ ಲೀನವಾದ ಎಂದು ಬರೆದು ಉಮ್ಮೆ ಹಾನಿ ಅವನ ಕತೆ ಮುಗಿಸಿದಳು. ಆದರೆ ಪ್ರತಿ ವಾರ ಲಗೇಜ್ ಆಟೋ ಬರುವುದು ನಿಲ್ಲಲಿಲ್ಲ. ಹುಡುಗ ಎರಡು ಕ್ಯಾನು ತುಂಬಿಕೊಂಡು, ಅಂಜಿನಮೂರ್ತಿಯ ಕಾಲು ಮುಟ್ಟಿ, ವನಜಾಕ್ಷಿಗೆ ತರಕಾರಿ ಕೊಟ್ಟು ಹೋಗುತ್ತಿದ್ದ. ಮಗಳು ಹುಟ್ಟಿದಳೆಂದು ಒಂದು ಸಲ ಲಾಡು ತಂದ. ಕೊರೊನಾ ಬಂದು ಶಾಲೆಗಳು ಮುಚ್ಚಿ ಬಂಡೆವೀರನ ವೇಷವೇ ಇಲ್ಲದ ಕಾಲದಲ್ಲೂ, ತರಕಾರಿ ಗಾಡಿಗೆ ಪಾಸ್ ಐತಲ್ಲಣ್ಣ ಎಂದು ಬಂದು ತುಂಬಿಕೊಂಡ.

ಒಬ್ಬ ಗಂಡಸು ವಾರಕ್ಕೆ ದೊಡ್ಡ ಕ್ಯಾನು ಎರಡೆರಡು ಕುಡಿಯುತ್ತಾನೆಯೇ? ಅಂಜಿನಮೂರ್ತಿ ಈ ಪ್ರಶ್ನೆಯನ್ನು ಹತ್ತಿರ ಬರಗೊಡಲಿಲ್ಲ. ಬಂದರೂ ಕುರಿ ಅಟ್ಟಿದ ಹಾಗೆ ಅಟ್ಟಿದ. ಮೊದಮೊದಲು ಹುಡುಗ ಬಗ್ಗಿ ಬೊಗಸೆಯಲ್ಲಿ ಕುಡಿಯುವುದನ್ನು ನೋಡುವಾಗ ಅವನಿಗೆ ಒಳಗೊಳಗೇ ಒಂದು ಸಮಾಧಾನ ಆಗುತ್ತಿದ್ದುದೂ ನಿಜ. ವರ್ಷ ಕಳೆದಂತೆ ಆ ಸಮಾಧಾನ ಹೋಗಿ ಭಯ ಬಂತು. ಆ ಹೊತ್ತಿಗೆ ಹೇಳುವುದು ಇನ್ನೂ ಕಷ್ಟವಾಗಿತ್ತು; ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೆ ಉತ್ತರ ಎಲ್ಲಿಂದ ತರುವುದು? ಬರುವ ವಾರ ಹೇಳೋಣ ಎಂದುಕೊಂಡೇ ಏಳು ವರ್ಷ ಹೋಯಿತು.

ಈ ವರ್ಷ ದೇವರಾಜು ಬಂದವನೇ ಹಟ ಹಿಡಿದ. ಮಗಳು ಲೋಹಿತಾ ಶಾಲೆಯ ಛದ್ಮವೇಷದಲ್ಲಿ ಬಂಡೆವೀರನಾಗುತ್ತಾಳೆ, ಅಣ್ಣ ಬಂದು ನೋಡಲೇಬೇಕು ಎಂದ. ಆಟೋ ಹತ್ತುವಾಗ ಅವನು ಸೊಂಟಕ್ಕೆ ಕೈಕೊಟ್ಟು ಮುಖ ಕಿವುಚಿದ್ದನ್ನು ಅಂಜಿನಮೂರ್ತಿ ಕಂಡ.

"ಏನ್ಲಾ ಅದು?"

"ಬೆಳಿಗ್ಗೆ ಎದ್ರೆ ಬೆನ್ನು ಹಿಡ್ಕಂಡಿರ್ತದೆ ಅಣ್ಣ," ಎಂದ ದೇವರಾಜು. ಮುಖದಲ್ಲಿ ನೋವಿಗಿಂತ ನಗುವೇ ಹೆಚ್ಚಿತ್ತು. "ಬತ್ತಾ ಐತೆ ಅಂತ ಕಾಣ್ತದೆ. ನೀನು ಹೇಳ್ದಂಗೆ, ತಾನಾಗೇ."

ಅಂಜಿನಮೂರ್ತಿ ಅಂದು ಊಟ ಮಾಡಲಿಲ್ಲ. ಟ್ರಂಕು ತೆಗೆದು ಧಾರೆ ಸೀರೆಯ ಕೆಳಗಿನ ಎಕ್ಸ್‌ರೇಯನ್ನು ಕೈಚೀಲದಲ್ಲಿಟ್ಟುಕೊಂಡ. ವನಜಾಕ್ಷಿ ಬಂದು ಟ್ರಂಕಿನ ಮುಚ್ಚಳ ಹಾಕಿದಳು. ಛದ್ಮವೇಷದ ದಿನ ಅವನು ಬೆಳಿಗ್ಗೆಯೇ ಬಸ್ಸು ಹತ್ತಿ, ಮಧುಗಿರಿಯಲ್ಲಿ ಬದಲಾಯಿಸಿ, ಚನ್ನರಾಯನದುರ್ಗದಲ್ಲಿ ಇಳಿದ. ದಾರಿಯುದ್ದಕ್ಕೂ ಮಾತನ್ನು ಬಾಯಿಪಾಠ ಮಾಡಿಕೊಂಡ. ಹುಡುಗನೊಬ್ಬನೇ ಸಿಕ್ಕಿದಾಗ ಪಕ್ಕಕ್ಕೆ ಕರೆದು ಹೇಳುವುದು, ಅವನು ಬೈದರೆ ಬೈಸಿಕೊಳ್ಳುವುದು. ಬೆನ್ನು ಹಿಡಿಯುವುದು ಈಗಷ್ಟೇ ಶುರುವಾಗಿದೆ, ನೀರು ಬಿಟ್ಟರೆ ಅಲ್ಲಿಗೇ ನಿಲ್ಲಬಹುದು ಎಂಬುದು ಅವನಿಗಿದ್ದ ಒಂದೇ ಧೈರ್ಯ.

ಬೆಟ್ಟದ ಬುಡದ ಚಿಕ್ಕ ಮನೆ. ದೇವರಾಜುವಿನ ಹೆಂಡತಿ ಸರ್ವಮಂಗಳಾ ಬಾಗಿಲಿಗೇ ಬಂದು ಕೈಮುಗಿದಳು. ಒಳಗೆ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲೇ ಅಂಜಿನಮೂರ್ತಿ ಇದ್ದ. ಕೆಂಪು ಅಂಗಿ ತೊಟ್ಟ ಹಳೇ ಫೋಟೋ, ಅದಕ್ಕೊಂದು ಕುಂಕುಮದ ಬೊಟ್ಟು. ಕೆಳಗೆ ಮಣೆಯ ಮೇಲೆ ಹಿತ್ತಾಳೆ ಕೊಳಗ, ಮುಚ್ಚಳದ ಮೇಲೆ ಒಂದು ಹೂವು.

"ಅದು ನಿಮ್ಮೂರ ನೀರು," ಎಂದಳು ಸರ್ವಮಂಗಳಾ. "ನಾವು ದೊಡ್ಡೋರು ಒಂದೊಂದು ಲೋಟ ಅಷ್ಟೇ. ಮಿಕ್ಕಿದ್ದೆಲ್ಲಾ ಮಗೀಗೆ. ಹುಟ್ಟಿದ್ ವರ್ಷದಿಂದ್ಲೂ ಹಾಲಿನ ಪುಡಿ ಕಲ್ಸಿದ್ದೂ ಅದ್ರಾಗೇ, ರಾಗಿ ಸರಿ ಕಾಸಿದ್ದೂ ಅದ್ರಾಗೇ. ಬ್ಯಾರೆ ನೀರು ಮುಟ್ಸಬ್ಯಾಡ ಅಂತ ಅಣ್ಣನೇ ಹೇಳವ್ರೆ ಅಂತ ಇವ್ರು."

ಅಂಜಿನಮೂರ್ತಿ ಕೈಚೀಲವನ್ನು ಎದೆಗೊತ್ತಿಕೊಂಡು ಗೋಡೆ ಹಿಡಿದುಕೊಂಡ.

"ದೊಡ್ಡಪ್ಪಾ!" ಎಂದು ಒಳಗಿನಿಂದ ಒಂದು ಕೂಗು ಬಂತು. ಪುಟ್ಟ ಹೆಜ್ಜೆಗಳು ಓಡಿಬಂದು ಅವನ ಮಂಡಿಗೆ ಡಿಕ್ಕಿ ಹೊಡೆದು ನಿಂತವು. ಮಗು ಅಷ್ಟು ಹತ್ತಿರ ನಿಂತಿದ್ದರಿಂದ ಅವನಿಗೆ ಅವಳು ಕಾಣಿಸಲೇ ಇಲ್ಲ. ಅವನ ಕಣ್ಣೆದುರಿಗೆ ಇದ್ದದ್ದು ಗೋಡೆ, ಗೋಡೆಯ ಮೇಲೆ ಅವನದೇ ಫೋಟೋ.

"ತೋರ್ಸು ಪುಟ್ಟಿ, ದೊಡ್ಡಪ್ಪಂಗೆ ತೋರ್ಸು," ಎಂದ ದೇವರಾಜು. ಅವನ ದನಿ ಹೆಮ್ಮೆಯಿಂದ ಉಬ್ಬಿತ್ತು. "ಹಾಲಲ್ಲು ಬಿದ್ದು ಹೊಸವು ಬಂದವೆ ಅಣ್ಣ. ನೋಡು, ನೋಡು."

ನೋಡಲು ಅವನಿಗೆ ಒಂದೇ ದಾರಿಯಿತ್ತು. ಅಂಜಿನಮೂರ್ತಿ ಗೋಡೆಗೆ ಕೈಯೂರಿ, ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ, ನೆಲಕ್ಕೆ ಊರಿದ. ಮೂಳೆಗಳು ಕಿರುಗುಟ್ಟಿದವು. ಮಗುವಿನ ಮುಖ ಈಗ ಅವನ ಮುಖಕ್ಕೆ ಸಮನಾಗಿ ಬಂತು. ಕೆಂಪು ಫ್ರಾಕು, ಬೆನ್ನಿಗೆ ಕಂಬಳಿಯ ತುಂಡು, ಕಾಡಿಗೆಯಲ್ಲಿ ಬರೆದ ಮೀಸೆ. ಲೋಹಿತಾ ತುಟಿಗಳನ್ನು ಎರಡೂ ಕೈಯಿಂದ ಎಳೆದು ಹಲ್ಲು ತೋರಿಸಿದಳು. ಮುಂದಿನ ನಾಲ್ಕೂ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟೆ ಇತ್ತು. ಅವು ಕಾಚಿನ ಪಟ್ಟೆಗಳಲ್ಲ. ಅಂಜಿನಮೂರ್ತಿ ಅವನ್ನು ಕನ್ನಡಿಯಲ್ಲಿ ನಲವತ್ತು ವರ್ಷ ನೋಡಿದ್ದ.

"ಅಪ್ಪಂಗೆ ಬಣ್ಣ ಹಚ್ಕೋಬೇಕು," ಎಂದಳು ಲೋಹಿತಾ. "ನಂಗೆ ಬ್ಯಾಡ. ನಂದು ನಿಜವಾದ್ದು."

ಬಾಯಿಪಾಠ ಮಾಡಿಕೊಂಡಿದ್ದ ಮಾತುಗಳಲ್ಲಿ ಒಂದೂ ಅವನ ನೆನಪಿಗೆ ಬರಲಿಲ್ಲ. ಅವನು ಬಿಕ್ಕಿದ. ಮಗುವಿಗೆ ಗಾಬರಿಯಾಯಿತು.

"ಎದ್ದೇಳು ದೊಡ್ಡಪ್ಪ. ಬಂಡೆವೀರ ಮಂಡಿ ಊರಲ್ಲ."

ಏಳಲು ನೋಡಿದ, ಆಗಲಿಲ್ಲ. ದೇವರಾಜು ನಗುತ್ತಾ ಬಂದು ಕೈಚಾಚಿದ. "ಬಾರಣ್ಣ, ನಾನಿಲ್ವಾ."

ಅಂಜಿನಮೂರ್ತಿ ಆ ಕೈ ಹಿಡಿಯಲಿಲ್ಲ. ಕೈಚೀಲದಿಂದ ಎಕ್ಸ್‌ರೇ ತೆಗೆದು ಅದರಲ್ಲಿಟ್ಟ.

"ಇದು ನನ್ ಕುತ್ಗೆ ಕಣ್ಲಾ. ಶಕ್ತಿ ಅಲ್ಲ. ಕಾಯಿಲೆ. ಆ ನೀರ್ನಿಂದ ಬಂದಿದ್ದು. ಮಗೀಗೆ ಕೊಡಬ್ಯಾಡ, ನೀನೂ ಕುಡೀಬ್ಯಾಡ. ಅವತ್ತು ಮಧುಗಿರೀಲಿ ನಾನು ಬಗ್ಗಲ್ಲ ಅಂದಿದ್ದಲ್ಲ, ಬಗ್ಗಾಕೆ ಬರಾಕಿಲ್ಲ ನಂಗೆ."

ದೇವರಾಜು ಮೊದಲು ನಕ್ಕ. ಅಣ್ಣ ಛದ್ಮವೇಷದ ದಿನ ಏನೋ ಹೊಸ ಸೀನು ಆಡುತ್ತಿದ್ದಾನೆ ಎಂದುಕೊಂಡಿರಬೇಕು. ಆಮೇಲೆ ಎಕ್ಸ್‌ರೇಯನ್ನು ಬಾಗಿಲ ಬೆಳಕಿಗೆ ಹಿಡಿದ. ಮೂಲೆಯಲ್ಲಿದ್ದ ತಾರೀಖನ್ನು ತುಟಿಯಾಡಿಸುತ್ತಾ ಎರಡು ಸಲ ಓದಿದ. ಹದಿನೇಳು ವರ್ಷ ಹಳೆಯದು.

"ನೀನು ಕುಡಿ ಅಂದ್ಯಲ್ಲ," ಎಂದ ಮೆಲ್ಲಗೆ. "ಆವಾಗ್ಲೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ವಾರ ವಾರ ಬಂದು ತುಂಬ್ಕಂಡು ಹೋಗ್ತಿದ್ನಲ್ಲ, ಆವಾಗ್ಲೂ?"

"ಆವಾಗ್ಲೂ."

ಸರ್ವಮಂಗಳಾ ಮಗುವನ್ನು ಹಿಂದಕ್ಕೆಳೆದುಕೊಂಡು, ಅದರ ಗದ್ದ ಹಿಡಿದು, ಸೆರಗಿನ ತುದಿಯಿಂದ ಹಲ್ಲು ಒರೆಸತೊಡಗಿದಳು. ಒರೆಸಿದಳು, ಇನ್ನೂ ಗಟ್ಟಿಯಾಗಿ ಒರೆಸಿದಳು. ಲೋಹಿತಾ ನೋವಾಗಿ ಕೂಗಿ ಕೊಸರಿಕೊಂಡಳು.

ದೇವರಾಜು ಬೈಯಲಿಲ್ಲ. ಕುತ್ತಿಗೆ ತಿರುಗಿಸಿ ಮುಖವನ್ನು ಗೋಡೆಯ ಕಡೆ ಮಾಡಿಕೊಂಡ. ಅಷ್ಟು ಮಾತ್ರಕ್ಕೆ ಅವನ ಕುತ್ತಿಗೆ ಇನ್ನೂ ಸಲೀಸಾಗಿ ತಿರುಗುತ್ತಿತ್ತು. ಆಮೇಲೆ ಮಣೆಯ ಮೇಲಿನ ಕೊಳಗವನ್ನು ಹೂವಿನ ಸಮೇತ ಎತ್ತಿಕೊಂಡು ಹೊರಗೆ ಹೋದ. ನೀರು ಅಂಗಳದ ಚಪ್ಪಡಿಯ ಮೇಲೆ ಬಿದ್ದ ಸದ್ದು ಕೇಳಿಸಿತು. ಕೊಳಗ ಉರುಳಿದ ಸದ್ದೂ ಕೇಳಿಸಿತು. ಸರ್ವಮಂಗಳಾ ಗಂಡನ ಹಿಂದೆಯೇ ಓಡಿದಳು. ಇಬ್ಬರಲ್ಲಿ ಯಾರೂ ಒಳಗೆ ಬರಲಿಲ್ಲ.

ಅಂಜಿನಮೂರ್ತಿ ಮಂಡಿಯೂರಿಕೊಂಡೇ ಇದ್ದ. ಎದುರಿನ ಗೋಡೆಯ ಮೇಲೆ ಕುಂಕುಮದ ಬೊಟ್ಟಿನ ಬಂಡೆವೀರ ಹಲ್ಲು ಬಿಟ್ಟು ನಗುತ್ತಿದ್ದ. ಆ ಮುಖ ನೋಡಲಾಗದೆ ತಲೆ ತಗ್ಗಿಸಬೇಕೆಂದು ಅವನಿಗೆ ಬಲವಾಗಿ ಅನ್ನಿಸಿತು, ಜೀವಮಾನದಲ್ಲೇ ಮೊದಲ ಸಲ. ತಗ್ಗಲಿಲ್ಲ.

"ಏಳು ದೊಡ್ಡಪ್ಪ, ಸ್ಕೂಲಿಗೆ ಹೊತ್ತಾಯ್ತು," ಎನ್ನುತ್ತಾ ಲೋಹಿತಾ ಒಬ್ಬಳೇ ಅವನ ತೋಳನ್ನು ಎರಡೂ ಕೈಯಿಂದ ಹಿಡಿದು ಎಳೆಯುತ್ತಿದ್ದಳು.